ಉಳಿದ ಜಾಗದ ಹಾಡು

ನನಗೆ ಒಂದು ಹಾಡು ಅರ್ಧ ಮಾತ್ರ ಗೊತ್ತಿತ್ತು. ಒಂದೆರಡು ವರ್ಷವಲ್ಲ, 28 ವರ್ಷ. ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಪಲ್ಲವಿ ಬರುತ್ತದೆ, ಮೊದಲ ಚರಣ ಬರುತ್ತದೆ, ಮತ್ತೆ ಪಲ್ಲವಿ. ಆಮೇಲೆ ಪಿಟೀಲುಗಳು ಮೇಲೇರಿ ಎರಡನೇ ಚರಣಕ್ಕೆ ದಾರಿ ಮಾಡಿಕೊಡುತ್ತವೆ. ಅವರು ಮೊದಲ ಪದ ಎತ್ತಿಕೊಂಡರು ಅನ್ನುವಷ್ಟರಲ್ಲಿ ಟಕ್. ಟೇಪು ಮುಗಿಯಿತು.

ನಮ್ಮ ಮನೆಯಲ್ಲಿ ಆ ಹಾಡು ಇದ್ದದ್ದೇ ಅಷ್ಟು.

ಅಪ್ಪ ಆಲ್ದೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಕಥೆ ಬರೆಯುವ ರೈಟರಲ್ಲ. ನಮ್ಮ ಕಡೆ ತೋಟದ ಲೆಕ್ಕ ಬರೆಯುವವರನ್ನು ರೈಟರು ಅನ್ನುತ್ತಾರೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕಬೇಕು. ಕೊಯ್ಲಿನ ಕಾಲದಲ್ಲಿ ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅಂತ ಬರೆಯಬೇಕು. ವಾರಕ್ಕೊಮ್ಮೆ ಬಟವಾಡೆ ಮಾಡಬೇಕು. ಚೆಕ್ ರೋಲ್ ಪುಸ್ತಕದಲ್ಲಿ ಅಪ್ಪನ ಅಕ್ಷರ ಸಾಲು ಹಿಡಿದು ನೆಟ್ಟ ಕಾಫಿ ಗಿಡಗಳ ಹಾಗೆ ಇರುತ್ತಿತ್ತು.

ಬಟವಾಡೆ ದುಡ್ಡು ತರಲು ಅವರು ಚಿಕ್ಕಮಗಳೂರಿನ ಬ್ಯಾಂಕಿಗೆ ಹೋಗುತ್ತಿದ್ದರು. ದುಡ್ಡು ಕೈಗೆ ಬಂದ ಮೇಲೆ ಎಲ್ಲೂ ನಿಲ್ಲುತ್ತಿರಲಿಲ್ಲ, ಸೀದಾ ಬಸ್ಸು. ಅದಕ್ಕೇ ಬ್ಯಾಂಕಿಗಿಂತ ಮೊದಲು ಎಂ.ಜಿ. ರಸ್ತೆಯ ಒಂದು ಸಣ್ಣ ಕ್ಯಾಸೆಟ್ ಅಂಗಡಿಗೆ ಹೋಗುತ್ತಿದ್ದರು. ಬೇಸಿಗೆ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಇದು 1980ರ ದಶಕದ ಕೊನೆಯ ಮಾತು.

ಅಂಗಡಿ ಅಂದರೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಗೋಡೆ ತುಂಬ ಗಾಜಿನ ಕಪಾಟು, ಅದರಲ್ಲಿ ಬೆನ್ನು ತೋರಿಸಿ ನಿಂತ ಕ್ಯಾಸೆಟ್ಟುಗಳು. ಕೌಂಟರಿನ ಹಿಂದೆ ಎರಡು ಡೆಕ್. ಒಂದರಲ್ಲಿ ಹಾಡು ಓಡುತ್ತದೆ, ಇನ್ನೊಂದರಲ್ಲಿ ರೆಕಾರ್ಡ್ ಆಗುತ್ತದೆ. ಅಂಗಡಿಯ ಅಣ್ಣ ಕಿವಿಯನ್ನು ಸ್ಪೀಕರಿಗೆ ಕೊಟ್ಟು, ಬಾಯನ್ನು ಗಿರಾಕಿಗೆ ಕೊಟ್ಟು ಕೆಲಸ ಮಾಡುತ್ತಿದ್ದರು.

ಅಪ್ಪ ಜೇಬಿನಿಂದ ಚೀಟಿ ತೆಗೆಯುತ್ತಿದ್ದರು. ಚೆಕ್ ರೋಲಿನ ಅಕ್ಷರದಲ್ಲೇ ಬರೆದ ಹಾಡುಗಳ ಪಟ್ಟಿ. ಎಡಗಡೆ ಕ್ರಮಸಂಖ್ಯೆ, ನಡುವೆ ಹಾಡಿನ ಮೊದಲ ಸಾಲು, ಬಲಗಡೆ ಸಿನಿಮಾದ ಹೆಸರು. ಆ ಪಟ್ಟಿ ಒಂದೇ ದಿನ ಆದದ್ದಲ್ಲ. ಭದ್ರಾವತಿ ಆಕಾಶವಾಣಿಯಲ್ಲಿ ಹಾಡು ಕೇಳುವಾಗ ಹಿಡಿಸಿದ್ದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಮೂರು ತಿಂಗಳ ಕ್ಯಾಲೆಂಡರ್ ಸೇರಿ ಒಂದು ಪಟ್ಟಿ ಆಗುತ್ತಿತ್ತು. ಆಮೇಲೆ ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಅಮ್ಮನ ಜೊತೆ ಚರ್ಚೆ. ಎರಡು ದುಃಖದ ಹಾಡು ಒಟ್ಟಿಗೆ ಬರಬಾರದು ಅಂತ ಅಮ್ಮ ಹೇಳುತ್ತಿದ್ದರು. ಮಳೆಯ ಹಾಡು ‘ಬಿ’ ಬದಿಗೆ ಇರಲಿ ಅನ್ನುತ್ತಿದ್ದರು.

ಖಾಲಿ ಕ್ಯಾಸೆಟ್ ನಾವೇ ಕೊಳ್ಳಬೇಕು. ಟಿಡಿಕೆ, ಸೋನಿ, ಮೆಲ್ಟ್ರ್ಯಾಕ್. 60 ನಿಮಿಷದ್ದು, 90 ನಿಮಿಷದ್ದು. ಅಪ್ಪ ಒಂದು ಸಲ 90ರದ್ದು ಕೇಳಿದರು.

“ಬೇಡ ರೈಟ್ರೇ, ಅದರ ಟೇಪು ತೆಳು. ನಿಮ್ ಮೆಷಿನ್ನಿಗೆ ಸಿಕ್ಕಿ ಹಾಕ್ಕೊಳ್ಳುತ್ತೆ. 60ರದ್ದೇ ತಗೊಳ್ಳಿ.”

ಅದು ವ್ಯಾಪಾರದ ಮಾತಲ್ಲ, ನಿಜ. 60ರ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು ಇರುತ್ತದೆ. 90ರದ್ದರಲ್ಲಿ ಸುಮಾರು 135 ಮೀಟರ್. ಡಬ್ಬಿಯ ಗಾತ್ರ ಮಾತ್ರ ಅದೇ. ಅಷ್ಟೇ ಜಾಗದಲ್ಲಿ ಒಂದೂವರೆ ಪಟ್ಟು ಸುತ್ತಬೇಕು ಅಂದರೆ ಟೇಪು ತೆಳುವಾಗಲೇಬೇಕು ಅಲ್ವಾ? ತೆಳುವಾದರೆ ಎಳೆಯುತ್ತದೆ, ಮಡಚುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ.

ನನಗೆ ಈ ಅಳತೆಯ ಲೆಕ್ಕ ಅಂದರೆ ಈಗಲೂ ಇಷ್ಟ. ಕ್ಯಾಸೆಟ್ಟಿನ ಟೇಪು ಒಂದು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ನಾಲ್ಕು ನಿಮಿಷದ ಒಂದು ಹಾಡು ಹನ್ನೊಂದು ಮೀಟರಿಗಿಂತ ಸ್ವಲ್ಪ ಉದ್ದ. ಎರಡು ಸೀರೆಯಷ್ಟು. ಹಾಡನ್ನು ಮೊಳ ಹಾಕಿ ಅಳೆಯಬಹುದು ಅನ್ನುವ ವಿಷಯ ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಟೇಪು ಸಿಕ್ಕಿ ಹೊರಗೆ ಬಂದಾಗ ಅಮ್ಮ ಅದನ್ನು ಅಂಗಳದ ಉದ್ದಕ್ಕೂ ಹಿಡಿದು, ತಿರುಚು ಬಿಡಿಸಿ, ಪೆನ್ಸಿಲ್ ತೂರಿಸಿ ಮತ್ತೆ ಒಳಗೆ ಸುತ್ತುತ್ತಿದ್ದರು. ಸೀರೆ ಒಣಹಾಕುವ ಕೈಯೇ ಅದು.

ಒಂದು ಬದಿಗೆ 30 ನಿಮಿಷ. ಏಳು ಹಾಡು ಹಿಡಿಯುತ್ತದೆ, ಕೆಲವು ಸಲ ಎಂಟು. ಆದರೆ ಹಾಡುಗಳು ಸರಿಯಾಗಿ 30 ನಿಮಿಷಕ್ಕೆ ಮುಗಿಯುವುದಿಲ್ಲ. ಏನಾದರೂ ಉಳಿಯುತ್ತದೆ. ಒಂದು ನಿಮಿಷ, ಎರಡು ನಿಮಿಷ. ಅಣ್ಣ ಸಾಮಾನ್ಯವಾಗಿ ಅಲ್ಲಿ ಯಾವುದಾದರೂ ವಾದ್ಯಸಂಗೀತದ ತುಣುಕು ಹಾಕಿ ಬಿಡುತ್ತಿದ್ದರು. ಆ ಸಲ ಮಾತ್ರ ಹಾಗೆ ಮಾಡಲಿಲ್ಲ. ಕ್ಯಾಸೆಟ್ ಕೊಡುವಾಗ ಹೇಳಿದರು:

“ಕೊನೇಲಿ ಎರಡೂಕಾಲು ನಿಮಿಷ ಉಳೀತು ರೈಟ್ರೇ. ನೀವು ಬರೆದಿರೋ ಹಾಡುಗಳನ್ನೆಲ್ಲ ನೋಡಿದೆ. ಇದು ನಿಮಗೆ ಹಿಡಿಸುತ್ತೆ ಅನ್ನಿಸ್ತು. ಪೂರ್ತಿ ಹಿಡೀಲಿಲ್ಲ.”

ಎರಡೂಕಾಲು ನಿಮಿಷ. ರವಿಕೆ ಬಟ್ಟೆ ಸೇರಿ ಒಂದು ಸೀರೆಯಷ್ಟು ಟೇಪು. ಒಳಗಿನ ಕಾರ್ಡಿನಲ್ಲಿ ಅಪ್ಪನ ಪಟ್ಟಿಯ ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ ಅಣ್ಣನೇ ಆ ಹಾಡಿನ ಸಾಲು ಬರೆದಿದ್ದರು. ಪಕ್ಕದಲ್ಲಿ ‘ಅರ್ಧ’ ಅಂತ.

ಆ ಪಟ್ಟಿಯಲ್ಲಿ ಅಪ್ಪನೇ ಆರಿಸಿದ ಹದಿನಾಲ್ಕು ಹಾಡಿತ್ತು. ಅಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಹದಿನೈದನೆಯದು. ಮೊದಲ ಸಲ ಟಕ್ ಅಂದಾಗ ಎಲ್ಲರಿಗೂ ಒಂಥರಾ ಆಯಿತು. ಮುಂದಿನ ಸಾಲು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರೇಡಿಯೋದಲ್ಲಿ ಜಾಸ್ತಿ ಬರುವ ಹಾಡೂ ಅಲ್ಲ. ಅದು ಫೆಬ್ರವರಿ ತಿಂಗಳು. ಕಣದಲ್ಲಿ ಕಾಫಿ ಹರಡಿತ್ತು, ಅಕಾಲದಲ್ಲಿ ಮೋಡ ಕಟ್ಟಿತ್ತು. ಅಪ್ಪ ಕಿಟಕಿಯ ಆಚೆ ನೋಡುತ್ತಾ, ಅದೇ ರಾಗದಲ್ಲಿ, ನಿಂತಲ್ಲಿಂದ ಹಾಡನ್ನು ಎತ್ತಿಕೊಂಡರು:

ಕಣದ ಕಾಫಿ ಒಣಗಲಿಲ್ಲ, ಮೋಡ ಬಂತು, ಗೋಣಿ ತಾ…

ಅಮ್ಮ ನಿಜಕ್ಕೂ ಗೋಣಿ ತರಲು ಓಡಿದರು. ಆಮೇಲೆ ಆ ಕ್ಯಾಸೆಟ್ ಹಾಕಿದಾಗಲೆಲ್ಲ ಅದೇ ಸಾಲು. ಟಕ್ ಅಂದ ತಕ್ಷಣ ಮನೆಯಲ್ಲಿ ಯಾರಾದರೂ ಒಬ್ಬರು ಹಾಡಲೇಬೇಕು. ನೆಂಟರು ಬಂದಾಗ ಅವರಿಗೂ ಕಲಿಸಿದೆವು. ನನ್ನ ಮಟ್ಟಿಗೆ ಅದು ಆ ಹಾಡಿನದೇ ಸಾಲು.

ಈ ಡಬ್ಬಿಯನ್ನು ಮಾಡಿದವರ ಬಗ್ಗೆ ಓದಿದ್ದು ಎಷ್ಟೋ ವರ್ಷದ ಮೇಲೆ. ಫಿಲಿಪ್ಸ್ ಕಂಪನಿಯ ಲೂ ಒಟ್ಟೆನ್ಸ್ ಅನ್ನುವ ಎಂಜಿನಿಯರು ಮತ್ತು ಅವರ ತಂಡ, ಬೆಲ್ಜಿಯಂ ದೇಶದ ಹ್ಯಾಸೆಲ್ಟ್ ಊರಿನಲ್ಲಿ. ಆಗ ಟೇಪ್ ರೆಕಾರ್ಡರ್ ಅಂದರೆ ಎರಡು ದೊಡ್ಡ ಚಕ್ರಗಳ, ಕೈಯಲ್ಲಿ ಟೇಪು ಪೋಣಿಸಬೇಕಾದ ಭಾರದ ಯಂತ್ರ. ಒಟ್ಟೆನ್ಸ್ ಮೊದಲು ಒಂದು ಮರದ ತುಂಡು ಮಾಡಿಸಿದರಂತೆ. ಅದು ತಮ್ಮ ಕೋಟಿನ ಜೇಬಿನಲ್ಲಿ ಹಿಡಿಯಬೇಕು. ಯಂತ್ರ ಅದಕ್ಕಿಂತ ದೊಡ್ಡದಾಗಬಾರದು. 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಕ್ಯಾಸೆಟ್ ಹೊರಬಂತು. ಅದನ್ನು ಬೇರೆ ಕಂಪನಿಗಳೂ ಶುಲ್ಕವಿಲ್ಲದೆ ಮಾಡಲಿ ಅಂತ ಫಿಲಿಪ್ಸ್ ಬಿಟ್ಟುಕೊಟ್ಟಿತು. ಹಾಗಾಗಿಯೇ ಆಲ್ದೂರಿನ ಒಂದು ಲೈನ್ ಮನೆಯ ತನಕ ಅದು ಬಂತು. 2021ರಲ್ಲಿ ಒಟ್ಟೆನ್ಸ್ ತೀರಿಕೊಂಡ ಸುದ್ದಿ ಓದಿದಾಗ ನನಗೆ ಗುರುತಿನವರೊಬ್ಬರು ಹೋದ ಹಾಗೆ ಆಯಿತು.

ಕನ್ನಡಕ್ಕೆ ಕ್ಯಾಸೆಟ್ ಮಾಡಿದ ಉಪಕಾರ ದೊಡ್ಡದು. ಅದಕ್ಕೆ ಮೊದಲು ಗ್ರಾಮಫೋನ್ ಪ್ಲೇಟು ಮಾಡಿಸುವುದು ದೊಡ್ಡ ಕಂಪನಿಯ ಕೆಲಸ, ಕೊಳ್ಳುವುದು ಉಳ್ಳವರ ಕೆಲಸ. ಕ್ಯಾಸೆಟ್ ಬಂದ ಮೇಲೆ ಸಣ್ಣ ಕಂಪನಿಗಳೂ ಹುಟ್ಟಿದವು. ಹರಿಕಥೆ ಬಂತು, ಯಕ್ಷಗಾನ ಬಂತು, ನಾಟಕ ಬಂತು. ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ಟುಗಳು ಊರೂರಲ್ಲಿ ಮೈಕಿನಲ್ಲಿ ಕೇಳುತ್ತಿದ್ದವು. ಭಾವಗೀತೆಯಂತೂ ಕ್ಯಾಸೆಟ್ಟಿನಿಂದಲೇ ಮನೆ ಮನೆಗೆ ಬಂತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಧ್ವನಿಸುರುಳಿ ಅನ್ನುವ ಚಂದದ ಪದವೂ ಆಗಲೇ ನಮ್ಮ ನಾಲಿಗೆಗೆ ಬಂದದ್ದು. ಸುರುಳಿ. ಬಿಚ್ಚಿಕೊಳ್ಳುತ್ತಾ ಹೋಗುವುದು, ಒಂದು ಕಡೆ ಮುಗಿಯುವುದು.

ಒಂದು ಮಾತು ಮುಚ್ಚಿಡಬಾರದು. ಚೀಟಿ ಕೊಟ್ಟು ರೆಕಾರ್ಡ್ ಮಾಡಿಸುವುದು ಸರಿಯಾದ ಕೆಲಸವಾಗಿರಲಿಲ್ಲ. ಹಾಡಿದವರಿಗೆ, ಬರೆದವರಿಗೆ, ರಾಗ ಹಾಕಿದವರಿಗೆ ಅದರಿಂದ ಒಂದು ಪೈಸೆ ಹೋಗುತ್ತಿರಲಿಲ್ಲ. ಆಗ ನಮಗೆ ಅದು ಹೊಳೆದಿರಲೂ ಇಲ್ಲ. ಈಗ ಹೊಳೆದಿದೆ. ಅದಕ್ಕೇ ಈಗ ಯಾವುದಾದರೂ ಹೊಸ ಗಾಯಕರ ಕಚೇರಿಗೆ ಹೋದರೆ ಹೊರಗಡೆ ಮೇಜಿನ ಮೇಲೆ ಸಿ.ಡಿ. ಇಟ್ಟಿದ್ದರೆ ಒಂದು ತಗೊಂಡೇ ಬರುತ್ತೇನೆ.

ಪ್ಲೇಟು ಅಂದೆನಲ್ಲ. ನಾನು ಪ್ಲೇಟು ನೋಡಿದ್ದು ಸಾಹುಕಾರರ ಬಂಗಲೆಯಲ್ಲಿ. ಅಲ್ಲೊಂದು ರೇಡಿಯೋಗ್ರಾಮ್ ಇತ್ತು, ಪೆಟ್ಟಿಗೆಯ ಹಾಗೆ ಮುಚ್ಚಳ ತೆಗೆಯುವಂಥದ್ದು. ಸಾಹುಕಾರರ ಮನೆಯ ಅಮ್ಮಾವ್ರು ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಒಗಟು ಕೇಳಿದರು. “ಈ ಪ್ಲೇಟಿನ ಒಂದು ಬದೀಲಿ ಎಷ್ಟು ಗೆರೆ ಇದೆ ಹೇಳು ನೋಡೋಣ.” ನಾನು ಎಣಿಸಲು ಹೊರಟೆ. ನೂರು ಅಂದೆ, ಸಾವಿರ ಅಂದೆ. ಅವರು ಬೆರಳನ್ನು ಗಾಳಿಯಲ್ಲೇ ಸುತ್ತಿಸುತ್ತಾ ಹೇಳಿದರು, “ಒಂದೇ ಪುಟ್ಟ. ಹೊರಗಡೆ ಶುರುವಾಗಿ ಒಳಗೆ ಮುಗಿಯೋ ಒಂದೇ ಗೆರೆ.”

ಅವರ ಹತ್ತಿರ 1948ರಲ್ಲಿ ಶುರುವಾದ ಎಲ್‌ಪಿ ಜಾತಿಯ ಪ್ಲೇಟುಗಳೂ ಇದ್ದವು, ಅದಕ್ಕಿಂತ ಹಳೆಯವೂ ಇದ್ದವು. ಎಲ್‌ಪಿ ನಿಮಿಷಕ್ಕೆ ಮೂವತ್ಮೂರು ಸುತ್ತು ಮತ್ತೊಂದು ಮೂರನೇ ಒಂದು ಭಾಗ ಸುತ್ತುತ್ತದೆ, ಬದಿಗೆ ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹಳೆಯವು ನಿಮಿಷಕ್ಕೆ 78 ಸುತ್ತಿನವು, ಬದಿಗೆ ಮೂರು ಮೂರೂವರೆ ನಿಮಿಷ ಅಷ್ಟೇ. ಆ ಹಳೆಯ ಪ್ಲೇಟುಗಳಿಗೆ ಹಾಕುತ್ತಿದ್ದದ್ದು ಅರಗು. ಪಾಂಡವರನ್ನು ಸುಡಲು ಕಟ್ಟಿದ ಅರಮನೆಗೆ ಹಾಕಿದ್ದ ಅದೇ ಅರಗು, ಬಳೆಗೆ ಹಾಕುವ ಅದೇ ಅರಗು. ಮರದ ಮೇಲೆ ಕೂತ ಸಣ್ಣ ಹುಳು ಸ್ರವಿಸುವ ಅಂಟು. ಅದು ಹೆಚ್ಚಾಗಿ ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು.

1902ರಲ್ಲಿ ಕಲ್ಕತ್ತೆಯಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಹಾಡಿ ಪ್ಲೇಟು ಮಾಡಿಸಿದರು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಮಡಚಿ ಇಡಬೇಕಿತ್ತು. ಅವರು ಹಾಡು ಮುಗಿಸಿ, ಕೊನೆಗೆ ಉಳಿದ ಒಂದೆರಡು ಸೆಕೆಂಡಿನಲ್ಲಿ, ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಇದು ಯಾರ ದನಿ ಅಂತ ತಿಳಿಯಲಿ ಅಂತ. ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದು ಅರಮನೆಯ ಗಾಯಕಿಯಾಗಿ, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಉಳಿದ ಜಾಗದಲ್ಲಿ ಹೇಳಿದ ಆ ಹೆಸರು ಈಗಲೂ ಕೇಳುತ್ತದೆ. ನನಗೆ ಅವರ ಹಾಡಿಗಿಂತ ಮೊದಲು ನೆನಪಾಗುವುದು ಅದೇ.

ಮಲೆನಾಡಿನಲ್ಲಿ ಹಾಡನ್ನು ಇಟ್ಟುಕೊಳ್ಳುವುದು ಸುಲಭವಲ್ಲ. ಆರಿದ್ರಾ ಮಳೆ ಹಿಡಿದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಫೋಟೋಗೆ ಬೂಷ್ಟು. ಕ್ಯಾಸೆಟ್ಟಿಗೂ ಅಷ್ಟೇ. ಕಿಟಕಿಯ ಹಾಗಿನ ಪಾರದರ್ಶಕ ಜಾಗದಿಂದ ನೋಡಿದರೆ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕೂತಿರುತ್ತದೆ. ಅಮ್ಮ ಬಟ್ಟೆಯ ಬೀರುವಿನೊಳಗೆ ಒಂದು ಜೀರೋ ಬಲ್ಬ್ ಹಾಕಿಸಿದ್ದರು, ರೇಷ್ಮೆ ಸೀರೆಗಳಿಗಾಗಿ. ಕ್ಯಾಸೆಟ್ಟುಗಳನ್ನೂ ಅಲ್ಲೇ ಇಡುತ್ತಿದ್ದರು. ಮಳೆಗಾಲ ಪೂರ್ತಿ ಆ ಬೀರುವಿನ ಸಂದಿಯಿಂದ ಹಳದಿ ಬೆಳಕು ಬರುತ್ತಿತ್ತು.

ಕರೆಂಟಿನ ಕತೆ ಬೇರೆ. ಗಾಳಿಗೆ ಮರ ಬಿದ್ದರೆ ಮೂರು ನಾಲ್ಕು ದಿನ ಕತ್ತಲೆ. ಆಗ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇದ್ದ ನಮ್ಮ ಟೂ ಇನ್ ಒನ್ನಿಗೆ ಆರು ದೊಡ್ಡ ಸೆಲ್ ಹಾಕುತ್ತಿದ್ದೆವು. ಸೆಲ್ ಸೋತರೆ ಹಾಡುಗಾರ ನಿಧಾನಕ್ಕೆ ದಪ್ಪ ದನಿಯವನಾಗುತ್ತಾ ಹೋಗುತ್ತಿದ್ದ. ಬಿಸಿಲು ಬಿದ್ದ ದಿನ ಸೆಲ್ಲುಗಳನ್ನು ಜಗಲಿಯ ಮೇಲೆ ಸಾಲಾಗಿ ಒಣಹಾಕುತ್ತಿದ್ದೆವು, ಇನ್ನೆರಡು ಹಾಡು ಬರಲಿ ಅಂತ. ಬರುತ್ತಿತ್ತು ಕೂಡ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಸಿ.ಡಿ. ಬಂತು, ಎಂಪಿ3 ಬಂತು, ಪೆನ್ ಡ್ರೈವ್ ಬಂತು. ಎಂ.ಜಿ. ರಸ್ತೆಯ ಆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಹಾಡು ಎಲ್ಲಿ ಬೇಕಾದರೂ ಸಿಗುವ ಹಾಗಾಯಿತು. ಮಾರನೇ ವರ್ಷ ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕೂತು ಸುಮ್ನೆ ಆ ಹಾಡಿನ ಸಾಲು ಹುಡುಕಿದೆ. ಒಂದೇ ಸೆಕೆಂಡಿನಲ್ಲಿ ಬಂತು. ಪೂರ್ತಿ ಹಾಡು.

ಪಲ್ಲವಿ, ಚರಣ, ಪಲ್ಲವಿ, ಪಿಟೀಲು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಎರಡನೇ ಚರಣ ಶುರುವಾಯಿತು. ಟಕ್ ಅನ್ನಲಿಲ್ಲ. ಅವರು ಹಾಡುತ್ತಲೇ ಹೋದರು. ಬಹಳ ಚಂದದ ಚರಣ ಅದು, ಮೊದಲನೆಯದಕ್ಕಿಂತ ಚಂದ. ಹಾಡು ಮುಗಿದು, ನಾನು ಉಸಿರು ಬಿಡುವ ಮುಂಚೆಯೇ ಇನ್ನೊಂದು ಹಾಡು ಶುರುವಾಗಿತ್ತು. ನಾನು ಕೇಳಿರದ ಹಾಡು. ಯಾರು ಹಾಕಿದರು ಅದನ್ನು? ಯಾರೂ ಹಾಕಿಲ್ಲ. ನಾನು ಫೋನನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ನನ್ನ ಬಾಯಿಯಲ್ಲಿ ಗೋಣಿ ತಾ ಅನ್ನುವ ಸಾಲು ಬಂದು ನಿಂತಿತ್ತು. ಅದನ್ನು ಹಾಡಲು ಜಾಗ ಇರಲಿಲ್ಲ.

ನಾನು ಫೋನಿನ ವಿರೋಧಿಯಲ್ಲ. ದಿನಾ ಅದರಲ್ಲೇ ಕೇಳುತ್ತೇನೆ. ನನ್ನ ಮಗ ಪಿಯುಸಿ ಓದುತ್ತಾನೆ. ಅವನು ಒಂದೇ ಸಂಜೆ ಕೊರಿಯಾದ ಹಾಡನ್ನೂ ಕೇಳುತ್ತಾನೆ, ಜನಪದವನ್ನೂ ಕೇಳುತ್ತಾನೆ. ನಾನು ಅವನ ವಯಸ್ಸಿನಲ್ಲಿ ಕೇಳಿದ್ದು ಒಂದು ಬೀರುವಿನಷ್ಟು. ಅವನಿಗೆ ಸಿಕ್ಕಿದ್ದು ದೊಡ್ಡದು, ಅದರಲ್ಲಿ ಅನುಮಾನವೇ ಇಲ್ಲ. ಶಬ್ದವೂ ಫೋನಿನಲ್ಲೇ ಶುದ್ಧ. ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ಯಾವಾಗಲೂ ಒಂದು ಸಣ್ಣ ಶ್ ಶಬ್ದ, ಹೆಂಚಿನ ಮೇಲೆ ಜಡಿ ಬಿದ್ದ ಹಾಗೆ. ಹಳೆಯ ಪ್ಲೇಟಿನ ದನಿಯೇ ಶ್ರೇಷ್ಠ, ಅದರಲ್ಲಿ ಬಿಸುಪಿದೆ ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಆ ವಾದ ಬೇಡ. ನಾನು ಹೇಳುತ್ತಿರುವುದು ದನಿಯ ವಿಷಯವೇ ಅಲ್ಲ.

ಫೋನಿನ ಹಾಡಿಗೆ ಅಂಚಿಲ್ಲ. ಅದು ಎಲ್ಲೂ ಮುಗಿಯುವುದಿಲ್ಲ. ಮುಗಿಯದಿದ್ದರೆ ಏನೂ ಉಳಿಯುವುದಿಲ್ಲ. ಉಳಿದ ಎರಡೂಕಾಲು ನಿಮಿಷಕ್ಕೆ ಏನು ಹಾಕಲಿ ಅಂತ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಪಟ್ಟಿ ಓದಿ ಯೋಚಿಸುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಆಪ್ ಕೂಡ ನನ್ನ ಪಟ್ಟಿ ನೋಡಿಯೇ ಮುಂದಿನ ಹಾಡು ಹಾಕುತ್ತದೆ, ಅದು ನಿಜ. ಎಷ್ಟೋ ಸಲ ಒಳ್ಳೆಯ ಹಾಡನ್ನೇ ಹಾಕುತ್ತದೆ. ಆದರೆ ಅದಕ್ಕೆ ಹಾಕಿ ಮುಗಿಸುವ ಕಷ್ಟವಿಲ್ಲ. ಇದು ಹಿಡಿಸದಿದ್ದರೆ ಇನ್ನೊಂದು, ಅದಲ್ಲದಿದ್ದರೆ ಮತ್ತೊಂದು. ಅಣ್ಣನಿಗೆ ಇದ್ದದ್ದು ಒಂದೇ ಜಾಗ.

ಇನ್ನೊಂದು ವಿಷಯ. ಅಲ್ಲಿರುವ ಹಾಡು ನಮ್ಮದಲ್ಲ. 2023ರ ಮಾರ್ಚಿನಲ್ಲಿ ಝೀ ಮ್ಯೂಸಿಕ್ ಅನ್ನುವ ಹಾಡಿನ ಕಂಪನಿ ಮತ್ತು ಹಾಡು ಕೇಳಿಸುವ ಆಪ್ ಸ್ಪಾಟಿಫೈ ನಡುವೆ ಒಪ್ಪಂದ ಕೂಡಿ ಬರಲಿಲ್ಲ. ಲಕ್ಷಾಂತರ ಜನರ ಪಟ್ಟಿಗಳಿಂದ ಆ ಹಾಡುಗಳು ಒಂದೇ ಸಲ ಕಾಣೆಯಾದವು. ನನ್ನದೇ ಪಟ್ಟಿಯೊಂದರಲ್ಲಿ ಹೀಗೆ ಮಾಸಿದ ಬಣ್ಣದಲ್ಲಿ ಉಳಿದ ಹೆಸರುಗಳಿವೆ. ಮುಟ್ಟಿದರೆ ಏನೂ ಆಗುವುದಿಲ್ಲ. ಡೌನ್‌ಲೋಡ್ ಮಾಡಿಕೊಂಡಿದ್ದರೂ ತಿಂಗಳಿಗೊಮ್ಮೆ ಇಂಟರ್ನೆಟ್ ತೋರಿಸದಿದ್ದರೆ ಬಾಗಿಲು ಹಾಕುವ ಆಪ್‌ಗಳಿವೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒರೆಸಿ ತಿರುಗಿ ಪಡೆಯಬಹುದು. ಇದನ್ನು ಒರೆಸುವುದು ಹೇಗೆ?

ಇಷ್ಟೆಲ್ಲ ಇದ್ದೂ ಜನ ಪ್ಲೇಟಿನ ಕಡೆ ಯಾಕೆ ತಿರುಗುತ್ತಿದ್ದಾರೆ ಅಂತ ಆಶ್ಚರ್ಯಪಡುವವರಿದ್ದಾರೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ಪ್ಲೇಟು ಮಾರಾಟವಾದವು, ಸಿ.ಡಿ. 3.3 ಕೋಟಿ. ಪ್ಲೇಟು ಸಿ.ಡಿ.ಯನ್ನು ಹಿಂದೆ ಹಾಕಿದ್ದು 1987ರ ನಂತರ ಅದೇ ಮೊದಲು. ಅದೇ ಹೊತ್ತಿಗೆ ಅಲ್ಲಿನ ಸಂಗೀತದ ಆದಾಯದಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಬರುತ್ತಿದ್ದದ್ದು ಸ್ಟ್ರೀಮಿಂಗಿನಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಕೇಳುವ ಹಾಡಿನಿಂದ. ಅಂದರೆ ಪ್ಲೇಟು ಕೊಳ್ಳುವವರೂ ಫೋನಿನಲ್ಲಿ ಕೇಳುವವರೇ. ಕೇಳಲು ಒಂದು, ಇಟ್ಟುಕೊಳ್ಳಲು ಒಂದು. ನಮ್ಮಲ್ಲಿ ಒಂದು ಹೊಸ ಎಲ್‌ಪಿಗೆ ಎರಡು ಮೂರು ಸಾವಿರ ಆಗುತ್ತದೆ, ಅದನ್ನು ಹಾಕುವ ಯಂತ್ರ ಬೇರೆ. ಅದು ಎಲ್ಲರ ಕೈಗೆ ಎಟುಕುವ ಪ್ರೀತಿಯಲ್ಲ. ಆದರೆ ನಮ್ಮ ಬಹುತೇಕ ಮನೆಗಳ ಅಟ್ಟದ ಮೇಲೆ ಈಗಲೂ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದಕ್ಕೆ ದುಡ್ಡು ಬೇಡ.

ಕಳೆದ ಮಳೆಗಾಲದಲ್ಲಿ ನಾನು ಆ ಪೆಟ್ಟಿಗೆ ಇಳಿಸಿದೆ. ಪುಷ್ಯ ಮಳೆ. ಆಲ್ದೂರಿನ ಮನೆಗೆ ಹೋಗಿದ್ದೆ, ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಮರ ಬಿದ್ದು ಕರೆಂಟಿಲ್ಲ, ಟವರ್ ಕೂಡ ಎರಡನೇ ದಿನಕ್ಕೆ ಕೈಕೊಟ್ಟಿತು. ಮಗ ಫೋನ್ ಹಿಡಿದು ಮನೆಯ ನಾಲ್ಕೂ ಮೂಲೆ ಸುತ್ತಿ ಬಂದು ಕೂತ. ಟೂ ಇನ್ ಒನ್ ಹಾಕಿ ನೋಡಿದೆ. ಬಟನ್ ಒತ್ತಿದರೆ ಮೋಟಾರು ಗುಂಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ. ಬಿಚ್ಚಿದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿತ್ತು. ಹಳೆಯ ಬೆಲ್ಟುಗಳಿಗೆಲ್ಲ ಆಗುವುದೇ ಹೀಗೆ.

ಚಿಕ್ಕಮಗಳೂರಿಗೆ ವಾಪಸ್ಸು ಬರುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಪೇಟೆಯಲ್ಲಿ ಹಳೆಯ ರೇಡಿಯೋ ರಿಪೇರಿ ಮಾಡುವವರು ಒಬ್ಬರಿದ್ದಾರೆ. ಅವರು ಬೆಲ್ಟಿನ ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಹೊಸ ಬೆಲ್ಟು ಹಾಕಿದರು. ಟೇಪಿನಿಂದ ಹಾಡನ್ನು ಓದುವ ಹೆಡ್ಡು ತಿಕ್ಕಿದರು. ಆ ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಪ್ಯಾಡು ಉದುರಿ ಹೋಗಿತ್ತು. ಅದಿಲ್ಲದಿದ್ದರೆ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಬೇರೊಂದು ಹಾಳು ಕ್ಯಾಸೆಟ್ಟಿನಿಂದ ಪ್ಯಾಡು ತೆಗೆದು ಇದಕ್ಕೆ ಕೂರಿಸಿದರು. ಪುಣ್ಯಕ್ಕೆ ಅದು ಐದು ಸ್ಕ್ರೂ ಇರುವ ಡಬ್ಬಿ, ಬಿಚ್ಚಬಹುದು. ಬೂಷ್ಟನ್ನು ನಾನೇ ಒರೆಸಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬಟ್ಟೆಯ ನಡುವೆ ಟೇಪು ಹಾಯುವಂತೆ ಹಿಡಿದು, ಪೆನ್ಸಿಲಿನಲ್ಲಿ ತಿರುಗಿಸುತ್ತಾ ಒಂದು ಕಡೆಯಿಂದ ಇನ್ನೊಂದು ಕಡೆಗೆ. 90 ಮೀಟರ್. ಒಂದು ಭಾನುವಾರ ಪೂರ್ತಿ ಹಿಡಿಯಿತು.

ರಿಪೇರಿಯವರು ನನಗೆ ಒಂದು ವಿಷಯ ತೋರಿಸಿದರು. “ವಾಲ್ಯೂಮ್ ಜೋರು ಮಾಡಿ, ಹಾಡು ಶುರುವಾಗೋಕೆ ಮುಂಚೆ ಕೇಳಿ ಮೇಡಂ.” ಕೇಳಿದೆ. ಹಾಡು ಶುರುವಾಗುವ ಒಂದೆರಡು ಸೆಕೆಂಡು ಮೊದಲು, ದೂರದ ತೋಟದಿಂದ ಬಂದ ಹಾಗೆ, ಅದೇ ಹಾಡಿನ ಮೊದಲ ಸ್ವರ ತೀರಾ ಮೆಲ್ಲಗೆ ಕೇಳಿಸಿತು. ಟೇಪು ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದರೆ ಒಂದು ಸುತ್ತಿನ ಕಾಂತದ ಗುರುತು ಪಕ್ಕದ ಸುತ್ತಿಗೂ ತಗಲುತ್ತದಂತೆ. ಅದಕ್ಕೇ ಜೋರು ದನಿ ಬರುವ ಮೊದಲು ಅದರ ನೆರಳು ಬರುತ್ತದೆ. ಅಂಗಡಿಯಿಂದ ತಂದ ದಿನ ಇದು ಇರಲಿಲ್ಲ. ಬೀರುವಿನಲ್ಲಿ, ಜೀರೋ ಬಲ್ಬಿನ ಬೆಳಕಿನಲ್ಲಿ, ಅಟ್ಟದ ಮೇಲೆ, ಇಷ್ಟು ವರ್ಷ ಸುಮ್ನೆ ಇದ್ದದ್ದರಿಂದ ಆದದ್ದು. ಈ ನೆರಳು ಇರುವ ಕ್ಯಾಸೆಟ್ ಪ್ರಪಂಚದಲ್ಲಿ ಒಂದೇ. ಅದು ನಮ್ಮ ಮನೆಯದು.

ದೀಪಾವಳಿಗೆ ಅದನ್ನು ಆಲ್ದೂರಿಗೆ ತಗೊಂಡು ಹೋದೆ. ಅಪ್ಪನಿಗೆ ಈಗ 81. ಕಿವಿ ಮಂದವಾಗಿದೆ. ಮಾತನಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕಿವಿಗೆ ಯಂತ್ರ ಹಾಕಿಸಿದ್ದೇವೆ, ಅದರಲ್ಲಿ ಮಾತು ಪರವಾಗಿಲ್ಲ, ಹಾಡು ಗೊಗ್ಗರಾಗಿ ಕೇಳುತ್ತದೆ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಹಾಡು ಹಾಕಿ ಕೈಗೆ ಕೊಟ್ಟರೆ ಒಂದು ನಿಮಿಷ ಹಿಡಿದುಕೊಂಡು ವಾಪಸ್ಸು ಕೊಟ್ಟುಬಿಡುತ್ತಾರೆ. ಅದಕ್ಕೇ ಕ್ಯಾಸೆಟ್ ಹಾಕುವಾಗ ನನಗೆ ಅಳುಕಿತ್ತು. ಕೇಳದ ಹಾಡನ್ನು ಎದುರಿಗೆ ಇಟ್ಟು ನೋಯಿಸಿದ ಹಾಗಾಗುತ್ತದೇನೋ ಅಂತ.

ಸಂಜೆ ಜಗಲಿಯ ಮೇಲೆ ಇಟ್ಟು ‘ಬಿ’ ಬದಿ ಹಾಕಿದೆ. ಅಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಕನ್ನಡಕ ಹಾಕಿಕೊಂಡರು. ಕಾರ್ಡು ಕೈಗೆ ತಗೊಂಡು ತಮ್ಮ ಪಟ್ಟಿಯ ಮೇಲೆ ಬೆರಳಿಟ್ಟರು. ಹಾಡು ಒಂದೊಂದೇ ಮುಗಿದಂತೆ ನಾನು ಕೈಸನ್ನೆ ಮಾಡುತ್ತಿದ್ದೆ, ಅವರು ಬೆರಳನ್ನು ಕೆಳಗಿನ ಸಾಲಿಗೆ ಇಳಿಸುತ್ತಿದ್ದರು. ಎರಡು ಹಾಡಾದ ಮೇಲೆ ನನ್ನ ಸನ್ನೆ ಬೇಕಾಗಲಿಲ್ಲ. ಅವರು ಪಟ್ಟಿ ಬಿಟ್ಟು ಕ್ಯಾಸೆಟ್ಟಿನ ಸಣ್ಣ ಕಿಟಕಿಯನ್ನೇ ನೋಡುತ್ತಿದ್ದರು. ಎಡಗಡೆಯ ಸುತ್ತು ಸಣ್ಣಗಾಗುತ್ತಾ ಬರುತ್ತದಲ್ಲ, ಬಲಗಡೆಯದು ದಪ್ಪಗಾಗುತ್ತಾ. ಮಕ್ಕಳಾಗಿದ್ದಾಗ ನಾವು ಹಾಗೆಯೇ ನೋಡುತ್ತಿದ್ದೆವು, ಇನ್ನೆಷ್ಟು ಹಾಡಿದೆ ಅಂತ. ಅಪ್ಪನೂ ನೋಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ.

ಮಗ ಪಕ್ಕದಲ್ಲಿ ಬಂದು ಕೂತ. ಅಮ್ಮ ಒಳಗೆ ದೀಪ ಹಚ್ಚುತ್ತಿದ್ದರು.

ಕೊನೆಯ ಹಾಡು ಬಂತು. ನೆರಳು, ಆಮೇಲೆ ಹಾಡು. ಪಲ್ಲವಿ, ಚರಣ, ಪಲ್ಲವಿ. ಪಿಟೀಲುಗಳು ಏರಿದವು. ಎಡಗಡೆ ಟೇಪು ಇನ್ನೇನು ನಾಲ್ಕೈದು ಸುತ್ತು, ಚಕ್ರದ ಬಿಳಿ ಕಾಣಲು ಶುರುವಾಯಿತು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪಿ.ಬಿ. ಶ್ರೀನಿವಾಸ್ ಮೊದಲ ಪದ ಎತ್ತಿಕೊಂಡರು. ಎಡಗಡೆಯ ಚಕ್ರ ನಿಂತಿತು.

“ಕಣದ ಕಾಫಿ ಒಣಗಲಿಲ್ಲ,” ಅಪ್ಪ ಹಾಡಿದರು. ದನಿ ನಡುಗುತ್ತಿತ್ತು, ಶ್ರುತಿ ತಪ್ಪಿರಲಿಲ್ಲ. “ಮೋಡ ಬಂತು…”

“ಗೋಣಿ ತಾ,” ಅಂತ ಒಳಗಿನಿಂದ ಅಮ್ಮ.

ಆಮೇಲೆ ಅಪ್ಪ ಬಟನ್ ಒತ್ತಿ ಮುಚ್ಚಳ ತೆಗೆದರು. ಕ್ಯಾಸೆಟ್ಟನ್ನು ಹೊರಗೆ ತೆಗೆದು, ಅಂಗೈಯಲ್ಲಿ ತಿರುವಿ, ‘ಎ’ ಬದಿ ಮೇಲೆ ಮಾಡಿ ಮೊಮ್ಮಗನ ಕೈಗೆ ಕೊಟ್ಟರು. ಅವನಿಗೆ ಅದನ್ನು ಹಾಕುವುದು ಹೇಗೆ ಅಂತ ಗೊತ್ತಿರಲಿಲ್ಲ. ಅಪ್ಪ ಅವನ ಕೈ ಹಿಡಿದು ತೋರಿಸಿದರು.